ಸುಣ್ಣದ ಲೆಕ್ಕ ಹಿಡಿದು ಬರೆದ ನೂರು ವರ್ಷದ ಚರಿತ್ರೆ: ನನ್ನ ಅನುಭವ

ವಯಸ್ಸಾದವರಿಗೆ ಕೋಣೆ ಕೊಡುವ ಒಂದು ಧರ್ಮಾರ್ಥ ಟ್ರಸ್ಟಿನ ನೂರು ವರ್ಷದ ಚರಿತ್ರೆಯನ್ನು ನಾನು ಸುಣ್ಣ ಹೊಡೆಸಿದ ಲೆಕ್ಕದಿಂದ ಬರೆದೆ. ಪುಸ್ತಕ ಅಚ್ಚಾಗಿ ಬಂದಿದೆ. ಇದು ಆಗಿಹೋಗೋ ಕೆಲಸ ಅಲ್ಲ ಎಂದಿದ್ದವರೇ ಈಗ ತಮ್ಮ ಸಂಸ್ಥೆಗೂ ಬರೆದುಕೊಡಿ ಎಂದು ಕೇಳುತ್ತಿದ್ದಾರೆ. ಇಂಥ ಕೆಲಸ ಮಾಡುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ಕಿರ್ದಿ (ದಿನದಿನದ ಜಮಾ-ಖರ್ಚಿನ ಪುಸ್ತಕ), ಖಾತೆ, ನಡಾವಳಿ ಪುಸ್ತಕ (ಸಭೆಯಲ್ಲಿ ನಡೆದದ್ದನ್ನು ಬರೆದಿಡುವುದು) ಓದುವುದು ನಿಮಗೆ ಗೊತ್ತೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ.

ಟ್ರಸ್ಟ್ ಇರುವುದು ಹಳೇ ಮೈಸೂರು ಕಡೆ. ಇಪ್ಪತ್ತೆರಡು ಕೋಣೆ, ನಡುವೆ ಅಂಗಳ, ಬಾವಿ, ರಸ್ತೆ ಕಡೆಗೆ ಆರೇಳು ಮಳಿಗೆ. ಕೋಣೆಗೆ ಬಾಡಿಗೆ ಇಲ್ಲ. ಶುರುವಿನಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ ಮೂರು ರೂಪಾಯಿ ಭತ್ಯೆ ಬೇರೆ ಇತ್ತು. ಶತಮಾನೋತ್ಸವ ಬರುತ್ತಿದೆ, ಒಂದು ಪುಸ್ತಕ ಆಗಬೇಕು ಎಂದು ಟ್ರಸ್ಟಿಗಳು ತೀರ್ಮಾನಿಸಿದಾಗ ನನ್ನನ್ನು ಕರೆದರು. ನಾನು ಲೆಕ್ಕಪರಿಶೋಧನೆಯಲ್ಲಿ ಇದ್ದು ನಿವೃತ್ತನಾದವನು.

ಅದಕ್ಕೂ ಮೊದಲು ಇಬ್ಬರು ಪ್ರಯತ್ನಪಟ್ಟು ಕೈಬಿಟ್ಟಿದ್ದರು. ಒಬ್ಬರು ನಡಾವಳಿ ಪುಸ್ತಕ ಹಿಡಿದು ಹೊರಟರು. ಅದರಲ್ಲಿ 1938ರ ಸುಮಾರಿನಿಂದ 1951ರವರೆಗೆ ಪುಸ್ತಕವೇ ಇಲ್ಲ. ಇದ್ದ ಪುಸ್ತಕದಲ್ಲೂ "ಲೆಕ್ಕಪತ್ರ ಮಂಡಿಸಿ ಒಪ್ಪಲಾಯಿತು, ವಂದನೆಗಳೊಂದಿಗೆ ಸಭೆ ಮುಗಿಯಿತು" ಅಷ್ಟೇ. ಇನ್ನೊಬ್ಬರು ನೆನಪುಗಳನ್ನು ಕೂಡಿಹಾಕಲು ಹೋದರು. ನಾನೂ ಮೊದಲು ಅದನ್ನೇ ಮಾಡಿದೆ. ಹಳಬರ ಮನೆಗಳಿಗೆ ಓಡಾಡಿ ಮೂರ್ನಾಲ್ಕು ತಿಂಗಳು ಹೋಯಿತು, ಆಟೋ, ಬಸ್ಸು ಎಂದು ಏಳೆಂಟು ಸಾವಿರ ಖರ್ಚಾಯಿತು. ಸಿಕ್ಕಿದ್ದು ಸ್ಥಾಪಕರ ಗುಣಗಾನ. ಅಲ್ಲಿ ಇದ್ದು ಹೋದವರು ಯಾರು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. 1960ರ ದಶಕಕ್ಕೆ ಮುಂಚೆ ನಿವಾಸಿಗಳ ರಿಜಿಸ್ಟರನ್ನೇ ಇಟ್ಟಿರಲಿಲ್ಲ.

ಲೆಕ್ಕದ ಪುಸ್ತಕಗಳು ಮಾತ್ರ ಹೆಚ್ಚೂಕಮ್ಮಿ ಪೂರ್ತಿ ಇದ್ದವು. ಕಬ್ಬಿಣದ ಬೀರುವಿನ ಕೆಳಗಿನ ಎರಡು ಅರೆ ತುಂಬ. ಒಂದು ಸಂಜೆ 1930ರ ದಶಕದ ಕಿರ್ದಿ ತಿರುಗಿಸುತ್ತಿದ್ದಾಗ ಈ ನಾಲ್ಕು ಸಾಲು ಕಣ್ಣಿಗೆ ಬಿತ್ತು (ಮೊತ್ತ ರೂಪಾಯಿ-ಆಣೆ-ಪೈ ಲೆಕ್ಕದಲ್ಲಿ):

೯ನೇ ಕೋಣೆ ಮುದುಕಿಯ ಸಂಸ್ಕಾರದ ಬಾಬ್ತು — ೭-೮-೦
೯ನೇ ಕೋಣೆ ಸುಣ್ಣ, ಕೂಲಿ ಸಹ — ೧-೪-೦
೯ನೇ ಕೋಣೆ ಚಿಲಕ — ೦-೬-೦
೯ನೇ ಕೋಣೆ ಹೊಸಬರಿಗೆ ಚಾಪೆ ೧, ತಂಬಿಗೆ ೧ — ೧-೨-೦

ಏಳೂವರೆ ರೂಪಾಯಿಯಲ್ಲಿ ಒಬ್ಬರ ಕೊನೆ, ವಾರದೊಳಗೆ ಸುಣ್ಣ, ಆಮೇಲೆ ಇನ್ನೊಬ್ಬರ ಚಾಪೆ. ಆ ಅಜ್ಜಿಯ ಹೆಸರನ್ನು ಗುಮಾಸ್ತರು ಬರೆದಿರಲಿಲ್ಲ. ಆದರೆ ಆಕೆ ಅಲ್ಲಿ ಇದ್ದರು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ನನಗೆ ಬೇಕಿರಲಿಲ್ಲ. ಪ್ರತಿ ಕೋಣೆಗೂ ಹೀಗೇ ಸಿಗುತ್ತದಾ ಎಂದು ಅವತ್ತೇ ನಾಲ್ಕೈದು ಪುಸ್ತಕ ತೆರೆದು ನೋಡಿದೆ. ಸಿಕ್ಕಿತು.

ವಿಧಾನ ಇಷ್ಟೇ. ಕೋಣೆಗೊಂದು ಕಾರ್ಡಿನ ಕಟ್ಟು. ಕಿರ್ದಿಯಲ್ಲಿ ಆ ಕೋಣೆಯ ಸಂಖ್ಯೆ ಎಲ್ಲೆಲ್ಲಿ ಬರುತ್ತದೋ ಅಲ್ಲಿಂದ ತಾರೀಖು, ಬಾಬ್ತು, ಮೊತ್ತ ಎತ್ತಿ ಬರೆಯುವುದು. ಇಡೀ ಕಟ್ಟಡಕ್ಕೆ ಒಟ್ಟಿಗೆ ಸುಣ್ಣ ಹೊಡೆಸಿದ್ದನ್ನು ಬಿಟ್ಟುಬಿಡುವುದು. ಒಂದೇ ಕೋಣೆಗೆ ಹೊಡೆಸಿದ್ದರೆ ಅಲ್ಲಿ ಬಹುಮಟ್ಟಿಗೆ ಆಳು ಬದಲಾಗಿದ್ದಾರೆ. ರಿಜಿಸ್ಟರ್ ಇರುವ ವರ್ಷಗಳಿಗೆ ಹೋಲಿಸಿ ನೋಡಿದೆ. ಹತ್ತಕ್ಕೆ ಎಂಟೊಂಬತ್ತು ಸರಿ ಬಂತು. ಮಳೆಗೆ ಸೋರಿದ್ದಕ್ಕೆ ಹೊಡೆಸಿದ ಸುಣ್ಣವನ್ನೂ ಆಳು ಬದಲಾದಾಗಿನ ಸುಣ್ಣವನ್ನೂ ಬೇರೆ ಮಾಡಲು ನಾನೇ ಒಂದು ದಾರಿ ಕಂಡುಕೊಂಡೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಎರಡನೇ ಟ್ರಸ್ಟಿನ ಲೆಕ್ಕದಲ್ಲೂ ನಡೆಯುತ್ತದೋ ನೋಡಿದ ಮೇಲೆ ಹೇಳುವುದು ಒಳ್ಳೆಯದು.

ಸಭೆಯಲ್ಲಿ ಇದನ್ನು ಹೇಳಿದಾಗ ಅಧ್ಯಕ್ಷರು, "ಸಾರ್, ಸುಣ್ಣದ ಚೀಟಿ ಇಟ್ಕೊಂಡು ಚರಿತ್ರೆ ಬರೀತೀರಾ? ಜನ ಏನಂತಾರೆ?" ಎಂದರು. ಅವರಿಗೆ ಬೇಕಿದ್ದದ್ದು ಟ್ರಸ್ಟಿಗಳ ಫೋಟೋ, ಸಂದೇಶ, ಜಾಹೀರಾತು. ಒಂದು ಕೋಣೆಯದ್ದು ಮಾಡಿ ತೋರಿಸುತ್ತೇನೆ, ಆಮೇಲೆ ಬೇಡ ಅಂದರೆ ಬಿಡುತ್ತೇನೆ ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು.

ದುಡ್ಡಿನ ವಿಷಯ. ಟ್ರಸ್ಟ್ ಮೊದಲು ಕೊಟ್ಟಿದ್ದು ನಲವತ್ತು ಸಾವಿರ. ಸ್ಕ್ಯಾನ್ ಮಾಡುವ ಒಂದು ಕಂಪನಿ ಪುಟಕ್ಕೆ ಎಂಟು ರೂಪಾಯಿ ಹೇಳಿತು. ಪುಟಗಳು ಆರು ಸಾವಿರಕ್ಕೂ ಜಾಸ್ತಿ. ಅಲ್ಲಿಗೇ ದುಡ್ಡು ಮುಗಿದು ಸಾಲವೂ ಆಗುತ್ತಿತ್ತು. ಪ್ಲಾಸ್ಟಿಕ್ ಪೈಪಿನಲ್ಲಿ ಒಂದು ಸ್ಟ್ಯಾಂಡ್ ಮಾಡಿಸಿ ಮೊಬೈಲ್ ಕಟ್ಟಿ ಫೋಟೋ ತೆಗೆದೆ. ಸ್ಟ್ಯಾಂಡಿಗೆ ಆರೇಳುನೂರು ಬಿತ್ತು. ಪುಟ ತಿರುಗಿಸಲು ಒಬ್ಬ ಹುಡುಗನಿಗೆ ದಿನಕ್ಕೆ ಮುನ್ನೂರು. ಬೆನ್ನು ಬಿಟ್ಟ ಪುಸ್ತಕಗಳನ್ನು ಬಿಡಿಸಬೇಡಿ, ಹಾಗೇ ಅರ್ಧ ತೆರೆದು ಎರಡೂ ಕಡೆ ಆಸರೆ ಕೊಟ್ಟು ತೆಗೆಯಿರಿ. ಹಿಂದಿನವರು ಯಾರೋ ಹರಿದ ಪುಟಗಳಿಗೆ ಸೆಲ್ಲೋಟೇಪ್ ಅಂಟಿಸಿದ್ದರು. ಟೇಪ್ ಬಿದ್ದುಹೋಗಿ ಗೋಂದು ಮಾತ್ರ ಕಂದು ಪಟ್ಟಿಯಾಗಿ ಉಳಿದಿತ್ತು. ಅದರ ಕೆಳಗಿನ ಅಕ್ಷರ ಓದಲು ಹೋಗಿ ಸೋತೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾಸಿದ ಶಾಯಿಗೆ ಬೇರೆ ಉಪಾಯ ಇದೆ. ಹಳೆಯ ಕಬ್ಬಿಣದಂಶದ ಶಾಯಿ ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ, ಸುತ್ತಲ ಕಾಗದ ಹೊಳೆಯುತ್ತದೆ. 365 ನ್ಯಾನೋಮೀಟರಿನದ್ದೇ ಕೊಳ್ಳಿ, ಅಗ್ಗದ ನೇರಳೆ ಟಾರ್ಚಿನಿಂದ ಪ್ರಯೋಜನ ಇಲ್ಲ. ನನಗೆ ಒಂಬೈನೂರರ ಆಸುಪಾಸು ಬಿತ್ತು. ಫೋಟೋದಲ್ಲಿ ನೀಲಿ ಪದರ ಮಾತ್ರ ಉಳಿಸಿಕೊಂಡೂ ನೋಡಿದೆ. ಕಾಗದ ಹಳದಿಯಾಗಿದ್ದರೆ ಅದೂ ಕಪ್ಪಾಗುತ್ತದೆ, ಲಾಭ ಕಡಿಮೆ. ಬೆಳ್ಳಿಹುಳದ ಕಾಟಕ್ಕೆ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ, ಪರಿಚಯದ ಐಸ್‌ಕ್ರೀಂ ಅಂಗಡಿಯವರ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿಸಿದೆ. ಹೊರಗೆ ತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬಾರದು. ಬಿಚ್ಚಿದರೆ ಕಾಗದ ಬೆವರುತ್ತದೆ. ಹುಳ ಮತ್ತೆ ಬರಲಿಲ್ಲ.

ತಾರೀಖಿನ ಕಥೆ ಸ್ವಲ್ಪ ಉದ್ದ. ಹೆಬ್ಬಾಗಿಲ ಮೇಲಿನ ಕಲ್ಲಿನಲ್ಲಿ 1924 ಎಂದಿತ್ತು. ಅದನ್ನೇ ನಂಬಿ ಶತಮಾನೋತ್ಸವದ ಆಮಂತ್ರಣಕ್ಕೆ ಅಡ್ವಾನ್ಸ್ ಕೊಡುವ ಹಂತಕ್ಕೆ ಬಂದಿದ್ದರು. ಕಿರ್ದಿಯಲ್ಲಿ ಟ್ರಸ್ಟ್ ಪತ್ರ ನೋಂದಣಿಯ ಖರ್ಚು ಬರೆದಿದ್ದು ರಕ್ತಾಕ್ಷಿ ಸಂವತ್ಸರದ ಮಾಘದಲ್ಲಿ. ರಕ್ತಾಕ್ಷಿ ಶುರುವಾಗಿದ್ದು 1924ರ ಯುಗಾದಿಗೆ, ನಿಜ. ಆದರೆ ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿ 1925 ಆಗಿರುತ್ತದೆ. ಕಲ್ಲು ಕೆತ್ತಿಸಿದವರು ಸಂವತ್ಸರ ನೋಡಿದರು, ಮಾಸ ನೋಡಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಿದೆ. ಸ್ಥಿರಾಸ್ತಿ ಇರುವ ಪತ್ರವಾದ್ದರಿಂದ ಒಂದನೇ ಪುಸ್ತಕದಲ್ಲೇ ಇರಬೇಕು. ಕಚೇರಿಯವರು ಮೊದಲು ಇಲ್ಲವೇ ಇಲ್ಲ ಎಂದರು. ಅವರು ಹುಡುಕಿದ್ದು ಸ್ಥಾಪಕರ ಹೆಸರಿನಲ್ಲಿ, 1924ರ ಸೂಚಿಯಲ್ಲಿ. 1925ರ ಸೂಚಿಯಲ್ಲಿ ಆಸ್ತಿಯ ಹೆಸರು ಹಿಡಿದು ನೋಡಿ ಎಂದ ಮೇಲೆ ಸಿಕ್ಕಿತು. ದೃಢೀಕೃತ ನಕಲಿಗೆ ಹುಡುಕುವ ಶುಲ್ಕ ಸೇರಿ ಕೆಲವು ನೂರು ರೂಪಾಯಿ. ಫೆಬ್ರವರಿ 1925. ಸಮಾರಂಭ ಒಂದು ವರ್ಷ ಮುಂದೆ ಹೋಯಿತು. ಕೆಲಸಕ್ಕೆ ಸಮಯ ಸಿಕ್ಕಿದ್ದೂ ಅದರಿಂದಲೇ. ಅವತ್ತಿನಿಂದ ಸಭೆಯಲ್ಲಿ ನನ್ನ ಮಾತಿಗೆ ತೂಕ ಬಂತು.

ಹಳೇ ಮೈಸೂರಿನವರಿಗೆ ಒಂದು ಮಾತು. ಸಾರ್ವಜನಿಕ ಟ್ರಸ್ಟುಗಳಿಗೆಂದೇ ಇಟ್ಟ ನೋಂದಣಿ ಪುಸ್ತಕ ನಮ್ಮ ಕಡೆ ಹುಡುಕಬೇಡಿ. ಹಿಂದೆ ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ ಕಡೆಯವರಿಗೆ 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ ಕಾಯ್ದೆಯ ದಾಖಲೆ ಸಿಗಬಹುದು, ಅವರ ಕೆಲಸ ಅಷ್ಟರಮಟ್ಟಿಗೆ ಹಗುರ. ನಮಗೆ ಕೋರ್ಟೇ ಗತಿ. ಯಾವುದೇ ಹಳೆಯ ಧರ್ಮಾರ್ಥ ಸಂಸ್ಥೆ ನೂರು ವರ್ಷದಲ್ಲಿ ಒಮ್ಮೆಯಾದರೂ ಕೋರ್ಟ್ ಮೆಟ್ಟಿಲು ಹತ್ತಿರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ದಾವೆ, ಅಂದರೆ ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನ ಆಡಳಿತದ ಬಗ್ಗೆ ಹೂಡುವ ದಾವೆ, ಇತ್ತೇ ಎಂದು ಕೇಳಿ. ಈಗ ಅದಕ್ಕೆ ಕೋರ್ಟಿನ ಅನುಮತಿ ಬೇಕು. 1976ರ ತಿದ್ದುಪಡಿಗೆ ಮುಂಚೆ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಕಿತ್ತು, ಹಾಗಾಗಿ ಕಾಗದ ಪತ್ರ ಎರಡು ಕಡೆ ಇರುವ ಸಾಧ್ಯತೆ ಇದೆ. ನಮ್ಮ ಟ್ರಸ್ಟಿನ ಮೇಲೆ 1950ರ ದಶಕದ ಮಧ್ಯದಲ್ಲಿ ಇಂಥ ದಾವೆ ಆಗಿತ್ತು. ಕಳೆದುಹೋದ ನಡಾವಳಿಯ ಹತ್ತಾರು ಪುಟಗಳ ನಕಲನ್ನು ಆಗ ದಾಖಲೆಯಾಗಿ ಹಾಜರುಪಡಿಸಿದ್ದರು. ಆ ಕಡತ ನನಗೆ ಹೇಗೆ ಸಿಕ್ಕಿತು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ದಾವೆಯ ನಂಬರ್ ಕೂಡ ಸುಣ್ಣದ ಹಾಗೆ ಖರ್ಚಿನ ಪುಸ್ತಕದಲ್ಲೇ ಇತ್ತು, ವಕೀಲರ ಫೀಸಿನ ಬಾಬ್ತಿನಲ್ಲಿ, ಅಷ್ಟು ಹೇಳಬಲ್ಲೆ.

ಕಾರ್ಡುಗಳು ತುಂಬುತ್ತಾ ಹೋದ ಹಾಗೆ ಯಾರೂ ಹೇಳದ ವಿಷಯ ಹೊರಬಂತು. 1942ರ ಸುಮಾರಿನಿಂದ ನಾಲ್ಕೈದು ವರ್ಷ ಆರೇಳು ಕೋಣೆ ಖಾಲಿ. ಬೇಡುವವರಿಗೆ ಕೊರತೆ ಇತ್ತಾ? ಇಲ್ಲ, ಅರ್ಜಿಗಳ ಅಂಚೆ ಖರ್ಚು ಏರಿದೆ. ಕಾರಣ ಜಮಾ ಕಡೆ ಇತ್ತು. ಟ್ರಸ್ಟಿನ ಮೂಲಧನವೆಲ್ಲ ಮೂರೂವರೆ ಪರ್ಸೆಂಟ್ ಬಡ್ಡಿಯ ಸರ್ಕಾರಿ ಸಾಲಪತ್ರದಲ್ಲಿತ್ತು. ಬಡ್ಡಿ ವರ್ಷ ವರ್ಷವೂ ಅಷ್ಟೇ. ಯುದ್ಧದ ಕಾಲಕ್ಕೆ ಅಕ್ಕಿ, ಬೇಳೆ, ಸೀಮೆಎಣ್ಣೆಯ ಬೆಲೆ ಏರಿ, ಮೂರು ರೂಪಾಯಿ ಭತ್ಯೆಯಲ್ಲಿ ಒಬ್ಬರು ಬದುಕುವ ಹಾಗಿರಲಿಲ್ಲ. ಇದ್ದವರಿಗೆ ಐದು ರೂಪಾಯಿ ಮಾಡಿ, ಖಾಲಿಯಾದ ಕೋಣೆಗೆ ಹೊಸಬರನ್ನು ತೆಗೆದುಕೊಳ್ಳದೆ ನಿಂತರು. ಇದ್ದವರನ್ನು ಹೊರಗೆ ಹಾಕಲಿಲ್ಲ. ಆ ಕಾಲದ ಟ್ರಸ್ಟಿಗಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ, ಅವರ ಭಾಷಣ ಓದಿ ಅಲ್ಲ. ರಸ್ತೆ ಕಡೆ ಮಳಿಗೆ ಕಟ್ಟಿಸುವ ಯೋಚನೆ ಬಂದದ್ದೂ ಇದೇ ಪೆಟ್ಟಿನಿಂದ. ಕಟ್ಟಿದ್ದು 1950ರ ದಶಕದ ಕೊನೆಗೆ. ಆ ಲೆಕ್ಕದಲ್ಲಿ ಆಣೆ, ನಯಾಪೈಸೆ ಎರಡೂ ಬೆರೆತಿವೆ. ನಯಾಪೈಸೆ ಜಾರಿಗೆ ಬಂದ 1957ರ ಏಪ್ರಿಲ್ ಒಂದರ ನಂತರವೂ ಗುಮಾಸ್ತರು ಸ್ವಲ್ಪ ಕಾಲ ಆಣೆ ಬಿಟ್ಟಿರಲಿಲ್ಲ, ಕೂಡುವಾಗ ಎಚ್ಚರ. ಮಳಿಗೆ ಬಂದರೂ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ನಂತರ ಬಾಡಿಗೆ ಏರಿಸುವುದು ಸುಲಭವಿರಲಿಲ್ಲ. ತಿಂಗಳಿಗೆ ಮೂವತ್ತೋ ನಲವತ್ತೋ ರೂಪಾಯಿಯಲ್ಲಿ ಬಹಳ ವರ್ಷ ನಿಂತಿತು.

ಮಧ್ಯೆ ಹಂಚಿನ ಹಿಂದೆ ಬಿದ್ದು ಸುಮಾರು ದಿನ ಕಳೆದೆ. ಮಾಡು ಯಾವಾಗ ಬದಲಾಯಿತು ಎಂದು ಹಂಚಿನಿಂದಲೇ ಹೇಳಬಹುದಾ ಅಂತ. ಹಳೆ ಹಂಚಿನ ಹಿಂಬದಿಯಲ್ಲಿ ಬಾಸೆಲ್ ಮಿಷನ್ (ಮಂಗಳೂರು ಕಡೆ ಹಂಚಿನ ಕಾರ್ಖಾನೆ ನಡೆಸಿದ ಕ್ರೈಸ್ತ ಮಿಷನ್), 1865 ಎಂದು ಇದ್ದರೆ ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಎಷ್ಟೋ ಜನ ಇದನ್ನು ನಂಬಿ ಕಟ್ಟಡಕ್ಕೆ ಅರವತ್ತು ವರ್ಷ ಜಾಸ್ತಿ ಸೇರಿಸಿಬಿಡುತ್ತಾರೆ. ಕಾಮನ್‌ವೆಲ್ತ್ ಎಂಬ ಹೆಸರಿದ್ದರೆ ಮೊದಲ ಮಹಾಯುದ್ಧದ ನಂತರದ್ದು, ಏಕೆಂದರೆ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದದ್ದು ಆಗ. ನಮ್ಮಲ್ಲಿ ಎರಡೂ ಬೆರಕೆಯಾಗಿದ್ದವು. ಹಳೆ ಹಂಚು ಕೊಂಡು ಹೊದಿಸಿರಬೇಕು. ಪುಸ್ತಕಕ್ಕೆ ಅರ್ಧ ಪುಟವೂ ಆಗಲಿಲ್ಲ, ಆದರೂ ಖುಷಿ ಕೊಟ್ಟ ಕೆಲಸ.

ಒಂಬತ್ತನೇ ಕೋಣೆಯ ಚರಿತ್ರೆ ಎಂಟು ಪುಟ ಬರೆದು ಸಭೆಯಲ್ಲಿ ಓದಿದೆ. 1925ರಿಂದ ಇಲ್ಲಿವರೆಗೆ ಆ ಕೋಣೆಯಲ್ಲಿ ಹದಿನೈದೋ ಹದಿನಾರೋ ಜನ. 1930ರ ದಶಕದಲ್ಲಿ ಒಬ್ಬರು ಸರಾಸರಿ ನಾಲ್ಕೈದು ವರ್ಷ ಇದ್ದರೆ, 1980ರ ನಂತರ ಒಂಬತ್ತು ಹತ್ತು ವರ್ಷ. ಒಬ್ಬರು ಊರುಗೋಲಿಗೆ ಅಂತ ಎಂಟು ಆಣೆ ಪಡೆದಿದ್ದರು. ಒಬ್ಬರು ಹೋಗುವಾಗ ತಮ್ಮ ಹಿತ್ತಾಳೆ ದೀಪವನ್ನು ಕೋಣೆಗೇ ಬಿಟ್ಟಿದ್ದರು, ಅದು ಆಸ್ತಿ ಪಟ್ಟಿಯಲ್ಲಿ ಈಗಲೂ ಇದೆ. ಅಧ್ಯಕ್ಷರು ನಾನು ಓದಿ ಮುಗಿಸುವವರೆಗೂ ಸುಮ್ಮನಿದ್ದು, "ಎಲ್ಲಾ ಕೋಣೆದೂ ಹೀಗೇ ಆಗ್ಲಿ ಸಾರ್" ಎಂದರು. ಈಗ ಅದೇ ಕೋಣೆಯಲ್ಲಿರುವ ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡರು. "ನನಗಿಂತ ಮುಂಚೆ ಇದ್ದೋಳ ಹೆಸರು ಸಿಕ್ತೇನಪ್ಪಾ?" ಎಂದು ಕೇಳಿದರು. ಅವರ ಹೆಸರು ರಿಜಿಸ್ಟರಿನಲ್ಲಿತ್ತು, ಹೇಳಿದೆ.

ಪುಸ್ತಕ ಐನೂರು ಪ್ರತಿ, ಸುಮಾರು ಇನ್ನೂರ ನಲವತ್ತು ಪುಟ, ಅಚ್ಚಿಗೆ ಒಂದು ಲಕ್ಷದ ಮೇಲೆ ಹತ್ತು ಹನ್ನೆರಡು ಸಾವಿರ. ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷದೊಳಗೆ ಮುಗಿಯಿತು. ಜಾಹೀರಾತು ಒಂದೂ ಹಾಕಲಿಲ್ಲ. ಕೋಣೆಗಳ ಬಾಗಿಲ ಮೇಲಿನ ಜ್ಞಾಪಕಾರ್ಥ ಕಲ್ಲುಗಳ ಮೇಲೆ ಬಣ್ಣದ ಪದರ ಕೂತಿತ್ತು. ಕೆರೆದು ಓದಿ, ಕೋಣೆ ಕಟ್ಟಿಸಿಕೊಟ್ಟ ಮನೆತನದವರನ್ನು ಹುಡುಕಿ ಅವರವರ ಕೋಣೆಯ ಪುಟಗಳನ್ನು ಕಳಿಸಿದೆ. ನಮ್ಮ ಮುತ್ತಜ್ಜನ ಕೋಣೆಯಲ್ಲಿ ಇಷ್ಟು ಜನ ಇದ್ದರಾ ಎಂದು ಫೋನ್ ಮಾಡಿದರು. ರಿಪೇರಿ ನಿಧಿಗೆ ಆರು ಲಕ್ಷದ ಹತ್ತಿರ ಬಂದಿದೆ. ಸ್ಥಾಪಕರ ಗುಣಗಾನದ ಪುಸ್ತಕಕ್ಕೆ ಇದು ಬರುತ್ತಿರಲಿಲ್ಲ, ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಫುಗ್ಗರಾಯ್ ಎಂಬ ವಸತಿ ಇದೆ. ಯಾಕೋಬ್ ಫುಗ್ಗರ್ ಎಂಬ ವ್ಯಾಪಾರಿ ಊರಿನ ಬಡವರಿಗಾಗಿ 1521ರಲ್ಲಿ ಸ್ಥಾಪಿಸಿದ್ದು, ಇವತ್ತಿಗೂ ಜನ ಇದ್ದಾರೆ. ವರ್ಷದ ಬಾಡಿಗೆ ಆಗ ಒಂದು ಗಿಲ್ಡರ್, ಈಗ ಅದನ್ನೇ 88 ಯೂರೋ ಸೆಂಟ್ ಎಂದು ಲೆಕ್ಕ ಹಾಕುತ್ತಾರೆ. ಟ್ರಸ್ಟಿಗಳಿಗೆ ಇದನ್ನು ಹೇಳಿದ್ದು, ಐನೂರು ವರ್ಷ ಬಾಳಿದ ಇಂಥ ಸಂಸ್ಥೆಗಳೂ ಇವೆ, ನಮ್ಮ ಕಾರ್ಡುಗಳನ್ನು ಈಗಲೇ ನಿಲ್ಲಿಸಬೇಡಿ ಎನ್ನುವುದಕ್ಕೆ.

ನಿಲ್ಲಿಸಿಲ್ಲ. ಕಟ್ಟುಗಳು ಆಫೀಸಿನಲ್ಲಿವೆ, ಈಗ ಗುಮಾಸ್ತರೇ ತುಂಬುತ್ತಾರೆ. ಸುಣ್ಣ ಹೋಗಿ ಡಿಸ್ಟೆಂಪರ್ ಬಂದಿದೆ, ಅದನ್ನೂ ಕೋಣೆ ಸಂಖ್ಯೆ ಹಾಕಿಯೇ ಬರೆಯಿರಿ ಎಂದಿದ್ದೇನೆ. ಹೋದವರ ಹೆಸರನ್ನು ಸಂಸ್ಕಾರದ ಖರ್ಚಿನ ಸಾಲಿನಲ್ಲೇ ಪೂರ್ತಿಯಾಗಿ ಬರೆಯಬೇಕು ಎಂದು ಒಂದು ಠರಾವು ಮಾಡಿಸಿದೆ. ನಡಾವಳಿ ಪುಸ್ತಕದ ಆ ಹದಿಮೂರು ವರ್ಷದ್ದು ಇನ್ನೂ ಎಲ್ಲಿಯೋ ಇದೆ. ಆಗಿನ ಕಾರ್ಯದರ್ಶಿಯವರ ಮನೆತನದ ಅಟ್ಟದಲ್ಲಿ ಎರಡು ಟ್ರಂಕ್ ಇವೆಯಂತೆ, ಮಳೆಗಾಲ ಮುಗಿದ ಮೇಲೆ ಬನ್ನಿ ಎಂದಿದ್ದಾರೆ.