ಸದಾ ಖಾಲಿ ಇರಬೇಕಾದ ವ್ಯೂ: ದಾಲ್ ಮಿಲ್ ಡೇಟಾಬೇಸ್‌ನಲ್ಲಿ ನನ್ನ ಅನುಭವ

ಎರಡು-ಮೂರು ಟೇಬಲ್‌ಗಳಿಗೆ ಹಬ್ಬಿದ ನಿಯಮವನ್ನು ಟ್ರಿಗರ್ (ಟೇಬಲ್ ಬದಲಾದಾಗ ತಾನೇ ಓಡುವ ಕೋಡ್) ಇಲ್ಲದೆ ಕಟ್ಟಲು ಬರುವುದಿಲ್ಲ ಎಂದವರೇ ಹೆಚ್ಚು. ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಕಟ್ಟಿ ತೋರಿಸಿದ್ದೇನೆ. ಸಂಕ್ರಾಂತಿ ಆಸುಪಾಸಿನ ತೊಗರಿ ಆವಕದಲ್ಲೂ ತಪ್ಪು ಸಾಲು ಒಳಗೆ ಬಂದಿಲ್ಲ.

ನಿಯಮ ಇಷ್ಟೇ: ಲಾಟಿನ ತೇವಾಂಶ ಅದನ್ನಿಟ್ಟ ಗೋಡೌನಿನ ಮಿತಿ ಮೀರಬಾರದು. ಬಹುಕಾಲ ಇಡುವ ಗೋಡೌನಿಗೆ ಮಿತಿ ಶೇ. 12. ಹಸಿ ಮಾಲು ಒಳಗೆ ಹೋಗಿ ಬೂಷ್ಟು ಹಿಡಿದು ಕ್ವಿಂಟಲಿಗೆ 300 ರೂಪಾಯಿ ಇಳಿದರೂ 200 ಕ್ವಿಂಟಲ್ ಲಾಟಿಗೆ 60 ಸಾವಿರ ಹೋಯಿತು.

ಮೊದಲಿದ್ದದ್ದು ಚೆಕ್ ಕನ್‌ಸ್ಟ್ರೇಂಟ್ (ಸಾಲು ಬರೆಯುವಾಗ ಪರೀಕ್ಷಿಸುವ ಷರತ್ತು) ಒಳಗೊಂದು ಫಂಕ್ಷನ್. ಹಂಚಿಕೆ, ಅಂದರೆ ಯಾವ ಲಾಟ್ ಯಾವ ಗೋಡೌನಿಗೆ ಎಂಬ ಸಾಲು, ಸೇರಿಸುವಾಗ ಅದು ತಡೆಯುತ್ತದೆ. ಆದರೆ ಆಮೇಲೆ ತೇವ ಮತ್ತೆ ಅಳೆದು ಲಾಟ್ ಟೇಬಲ್‌ನಲ್ಲಿ 11 ಇದ್ದದ್ದನ್ನು 14 ಮಾಡಿದರೆ ಆ ಚೆಕ್ ಓಡುವುದೇ ಇಲ್ಲ. ಟ್ರಿಗರ್ ಎಂದರೆ ಮೂರೂ ಟೇಬಲ್‌ಗೆ ಬರೆಯಬೇಕು. ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ (ಬೇರೆಯವರ ಬರವಣಿಗೆ ಮುಗಿಯಲು ಕಾಯದೆ ಹಿಂದಿನ ಪ್ರತಿಯನ್ನು ಓದುವ ಸೆಟ್ಟಿಂಗ್) ಆನ್ ಇದ್ದರೆ, ಒಂದೇ ಹೊತ್ತಿಗೆ ಬರೆಯುವ ಎರಡು ಕೌಂಟರ್‌ಗಳೂ ಹಳೆ ಅಂಕಿಯನ್ನೇ ಓದಿ ಪಾಸಾಗುತ್ತವೆ.

ಗೆದ್ದದ್ದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನ ಇಂಡೆಕ್ಸ್ಡ್ ವ್ಯೂ, ಅಂದರೆ ಫಲಿತಾಂಶವನ್ನು ಡಿಸ್ಕ್‌ನಲ್ಲಿ ಇಟ್ಟು, ಟೇಬಲ್ ಬದಲಾದಾಗ ತಾನೂ ಬದಲಾಗುವ ಕ್ವೆರಿ. ಲಾಟ್, ಹಂಚಿಕೆ, ಗೋಡೌನ್ ಮೂರನ್ನೂ ಇನ್ನರ್ ಜಾಯಿನ್ ಮಾಡಿ (ಹೊಂದುವ ಸಾಲುಗಳನ್ನು ಜೋಡಿಸಿ), ವೇರ್ ಷರತ್ತಿನಲ್ಲಿ ತಪ್ಪನ್ನೇ ಬರೆಯಬೇಕು: ತೇವಾಂಶ > ಮಿತಿ. ಅದನ್ನು ಎರಡೇ ಸಾಲಿನ ಒಂದು ಟೇಬಲ್‌ಗೆ ಕ್ರಾಸ್ ಜಾಯಿನ್ ಮಾಡಿ (ಪ್ರತಿ ಸಾಲನ್ನೂ ಆ ಎರಡಕ್ಕೂ ಜೋಡಿಸಿ), ಸ್ಕೀಮಾಬೈಂಡಿಂಗ್ (ವ್ಯೂ ಅನ್ನು ಟೇಬಲ್‌ಗಳ ರಚನೆಗೆ ಕಟ್ಟುವ ಆಯ್ಕೆ) ಕೊಟ್ಟು, ಹಂಚಿಕೆ ಐಡಿ ಮೇಲೆ ಯುನಿಕ್ ಕ್ಲಸ್ಟರ್ಡ್ ಇಂಡೆಕ್ಸ್ (ಒಂದೇ ಐಡಿ ಎರಡು ಸಲ ಬರಲು ಬಿಡದ ಸೂಚಿ). ತಪ್ಪು ಸಾಲು ವ್ಯೂನಲ್ಲಿ ಜೋಡಿಯಾಗಿ ಹುಟ್ಟುತ್ತದೆ, ಒಂದೇ ಐಡಿ ಎರಡು ಸಲ ಬಂದದ್ದಕ್ಕೆ 2601 ಎರರ್ ಬಿದ್ದು ಬರವಣಿಗೆ ನಿಲ್ಲುತ್ತದೆ. ಉಳಿದಂತೆ ವ್ಯೂ ಖಾಲಿ, ಡಿಸ್ಕ್ ಖರ್ಚು ಇಲ್ಲದಷ್ಟು. ಎಕ್ಸ್‌ಪ್ರೆಸ್ ಎಡಿಷನ್ ಸಾಕು, ಲೈಸೆನ್ಸ್‌ಗೆ ಪೈಸೆಯೂ ಬೇಡ.

ತೇವಾಂಶ, ಮಿತಿ ಎರಡೂ ನಾಟ್ ನಲ್ (ಖಾಲಿ ಬಿಡಲಾಗದ ಕಾಲಂ) ಇರಲೇಬೇಕು; ನಲ್ ಬಂದರೆ ಷರತ್ತು ನಿಜವಾಗದೆ ಸಾಲು ನುಸುಳುತ್ತದೆ. ಎಸ್‌ಕ್ಯೂಎಲ್‌ಸಿಎಂಡಿ ಎಂಬ ಕಮಾಂಡ್ ಲೈನ್ ಉಪಕರಣದಿಂದ ಓಡುವ ರಾತ್ರಿ ಜಾಬ್ 1934 ಎರರ್ ಎಂದು ಬಿದ್ದರೆ, ಇಂಡೆಕ್ಸ್ಡ್ ವ್ಯೂಗೆ ಆನ್ ಇರಬೇಕಾದ ಕ್ವೋಟೆಡ್ ಐಡೆಂಟಿಫೈಯರ್ ಸೆಟ್ಟಿಂಗ್ ಆಫ್ ಇದೆ ಎಂದರ್ಥ, ಕಮಾಂಡ್‌ಗೆ -I (ಮೈನಸ್ ದೊಡ್ಡ ಐ) ಹಾಕಿ. ಎರಡು ಸಾಲಿನ ಟೇಬಲ್‌ನಿಂದ ಒಂದು ಸಾಲು ಅಳಿಸಿದರೂ ನಿಯಮ ಸದ್ದಿಲ್ಲದೆ ಸಾಯುತ್ತದೆ. ಡಿಲೀಟ್, ಅಪ್‌ಡೇಟ್ ಎರಡನ್ನೂ ಡಿನೈ ಮಾಡಿಡಿ. ಹಳೆ ಡೇಟಾದಲ್ಲಿ ತಪ್ಪಿದ್ದರೆ ಇಂಡೆಕ್ಸ್ ಕಟ್ಟುವಾಗಲೇ 1505 ಎರರ್ ಬರುತ್ತದೆ. ಹಳೆಯದನ್ನು ಹಾಗೇ ಬಿಟ್ಟು ಹೊಸದಕ್ಕಷ್ಟೇ ನಿಯಮ ಹಾಕುವ ಕೈಚಳಕವೂ ಇದೆ, ಅದು ಸದ್ಯ ನನ್ನ ಬಳಿಯೇ ಇರಲಿ.

ಮೊತ್ತದ ನಿಯಮಕ್ಕೆ, ಅಂದರೆ ಬಂದದ್ದಕ್ಕಿಂತ ಹೆಚ್ಚು ಚೀಲ ಹೋಗಬಾರದು ಎಂಬುದಕ್ಕೆ, ಈ ದಾರಿ ನಡೆಯುವುದಿಲ್ಲ. ಇಂಡೆಕ್ಸ್ಡ್ ವ್ಯೂನಲ್ಲಿ ಹ್ಯಾವಿಂಗ್ (ಮೊತ್ತದ ಮೇಲೆ ಹಾಕುವ ಷರತ್ತು) ಬಿಡುವುದಿಲ್ಲ. ಅಲ್ಲಿ ಪ್ರತಿ ಸಾಲಿನಲ್ಲೂ ಹಿಂದಿನ ಬಾಕಿ ಇಟ್ಟು, ಅದು ಹಿಂದಿನ ಸಾಲಿನಲ್ಲಿ ಇರಲೇಬೇಕು ಎಂದು ಅದೇ ಟೇಬಲ್‌ಗೆ ಫಾರಿನ್ ಕೀ ಕಟ್ಟಿ, ಬಾಕಿ ಸೊನ್ನೆಗಿಂತ ಇಳಿಯದಂತೆ ಚೆಕ್ ಹಾಕಿದೆ. ಗಟ್ಟಿಯಾಗಿದೆ, ಆದರೆ ನಡುವಿನ ಒಂದು ನಮೂದು ತಿದ್ದಿದರೆ ಮುಂದಿನ ಸಾಲುಗಳನ್ನೆಲ್ಲ ಒಂದೇ ಅಪ್‌ಡೇಟ್‌ನಲ್ಲಿ ತಿದ್ದಬೇಕು. ಹಾಗಾಗಿ ಚೀಲದ ಲೆಕ್ಕಕ್ಕೆ ಮಾತ್ರ ಉಳಿಸಿಕೊಂಡಿದ್ದೇನೆ.