ನಿಮ್ಮ ಮನೆಯ ಹಳೇ ಫೋನಿನಲ್ಲೂ ಖಾರ್ಕಿವ್ ಇದ್ದೀತು: ಅದನ್ನು ಉಳಿಸಿ ಕೊಡುವುದು ಹೇಗೆ?

2022ರ ಮಾರ್ಚಿನಲ್ಲಿ ಉಕ್ರೇನಿನಿಂದ ಒಂದೇ ಬ್ಯಾಗು ಹೊತ್ತು ವಾಪಸ್ ಬಂದ ನಮ್ಮ ಕಡೆಯ ಎಂಬಿಬಿಎಸ್ ಹುಡುಗ ಹುಡುಗಿಯರ ಹತ್ತಿರ ಬೆಲೆಬಾಳುವ ಸಾಮಾನೊಂದಿದೆ. ಅದು ಬೆಲೆಬಾಳುತ್ತದೆ ಅಂತ ಅವರಲ್ಲಿ ಬಹಳಷ್ಟು ಜನಕ್ಕೆ ಗೊತ್ತಿಲ್ಲ. ಯುದ್ಧಕ್ಕೆ ಮುಂಚಿನ ಖಾರ್ಕಿವ್, ಕೀವ್, ಒಡೇಸಗಳ ಫೋಟೊಗಳು ಅವು. ಪರದೆ ಒಡೆದು ಡ್ರಾಯರ್ ಸೇರಿದ ಫೋನುಗಳಲ್ಲಿ, ಪಾಸ್‌ವರ್ಡ್ ಮರೆತ ಇಮೇಲ್ ಖಾತೆಗಳಲ್ಲಿ ಬಿದ್ದಿವೆ. ಅವನ್ನು ಹೊರತೆಗೆದು ಉಕ್ರೇನಿನವರಿಗೆ ಉಪಯೋಗಕ್ಕೆ ಬರುವಂತೆ ಮಾಡುವ ಕ್ರಮ ಹೇಳುತ್ತೇನೆ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಲೈಬ್ರರಿಯನ್. ಅಕ್ಕನ ಮಗ ಖಾರ್ಕಿವ್‌ನಲ್ಲಿ ಓದುತ್ತಿದ್ದ.

ಅವನನ್ನು ಕೇಳಿದಾಗ ಬಂದ ಮೊದಲ ಉತ್ತರ, "ಅಯ್ಯೋ ಚಿಕ್ಕಮ್ಮ, ಎಲ್ಲಾ ಸೆಲ್ಫಿ. ಬರೀ ನನ್ನ ಮುಖಾನೇ ಇರೋದು."

"ನಿನ್ನ ಮುಖದ ಹಿಂದೆ ಏನಿದೆ ನೋಡೋಣ, ಕೊಡೋ ಇಲ್ಲಿ."

ಒಂದರಲ್ಲಿ ಐಸ್‌ಕ್ರೀಮ್ ಹಿಡಿದು ನಿಂತಿದ್ದಾನೆ, ಹಲ್ಲು ಕಿರಿದುಕೊಂಡು. ಹಿಂದೆ ಸ್ವಾತಂತ್ರ್ಯ ಚೌಕ, ಅದರಾಚೆ ಪ್ರಾಂತೀಯ ಆಡಳಿತ ಕಚೇರಿ. ಕಿಟಕಿಗಳೆಲ್ಲ ಗಾಜಿನ ಸಮೇತ ನೆಟ್ಟಗಿವೆ. 2022ರ ಮಾರ್ಚ್ 1ರ ಬೆಳಿಗ್ಗೆ ರಷ್ಯಾದ ಕ್ಷಿಪಣಿ ಬಡಿದದ್ದು ಅದೇ ಕಟ್ಟಡಕ್ಕೆ. ಇನ್ನೊಂದರಲ್ಲಿ ಹಿಮ ಬಿದ್ದಿದೆ, ಹುಡುಗರು ಉಂಡೆ ಕಟ್ಟಿ ಎರಚಾಡುತ್ತಿದ್ದಾರೆ. ಅವರ ತಲೆಗಳ ಮೇಲೆ ಕಾಣುವುದು ದೆರ್ಜ್‌ಪ್ರೋಮ್. 1925ರಿಂದ 1928ರ ನಡುವೆ ಕಟ್ಟಿದ್ದು, ಎತ್ತರದಲ್ಲಿ ಸೇತುವೆಗಳಿಂದ ಒಂದಕ್ಕೊಂದು ಸೇರಿಕೊಂಡ ಕಾಂಕ್ರೀಟ್ ಗೋಪುರಗಳು. 2024ರ ಅಕ್ಟೋಬರ್ 28ರಂದು ಅದಕ್ಕೂ ಬಾಂಬು ಬಿತ್ತು. ಬರಬಾಶೋವೊ ಸಂತೆಯಲ್ಲಿ ಬೂಟು ಚೌಕಾಸಿ ಮಾಡುತ್ತಿರುವ ಫೋಟೊ ಮೂರನೆಯದು; ಪಕ್ಕದ ಅಂಗಡಿಯಲ್ಲಿ ವಿಶಿವಾಂಕಾ, ಅಂದರೆ ಅವರ ಕಸೂತಿ ಅಂಗಿಗಳು, ಸಾಲಾಗಿ ತೂಗುತ್ತಿವೆ. 2022ರ ಮಾರ್ಚಿನಲ್ಲಿ ಆ ಸಂತೆಯೂ ಉರಿಯಿತು.

ಕೆಲಸ ಶುರುವಾಗುವುದು ಫೋಟೊ ಒಟ್ಟುಗೂಡಿಸುವುದರಿಂದ. ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ: ಗೆಳೆಯರಿಗೆ "ಕಳಿಸ್ರೋ" ಅಂದರೆ ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಹಾಗೆ ಕಳಿಸಿಬಿಡುತ್ತಾರೆ. ಹಾಗೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಜೊತೆಗೆ ತೆಗೆದ ದಿನಾಂಕ, ಜಾಗದ ವಿವರ ಅಳಿಸಿಹೋಗುತ್ತದೆ. 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಲು ಹೇಳಿ, ಇಲ್ಲವೇ ಡ್ರೈವ್ ಲಿಂಕ್ ಕೇಳಿ. ಕ್ರಾಪ್ ಬೇಡ, ಫಿಲ್ಟರ್ ಬೇಡ, ಬೆಳಕು ಸರಿಮಾಡುವುದೂ ಬೇಡ. ಮಸುಕಾಗಿದ್ದರೂ ಮೂಲ ಪ್ರತಿಯೇ ಇರಲಿ.

ಆಮೇಲೆ ಒಂದು ರಿಜಿಸ್ಟರ್ ತೆರೆಯಿರಿ. ಲೈಬ್ರರಿಗೆ ಪುಸ್ತಕ ಬಂದ ಕೂಡಲೇ ಅಕ್ಸೆಷನ್ ನಂಬರ್ ಕೊಟ್ಟು ದಾಖಲಿಸಿಕೊಳ್ಳುತ್ತೇವಲ್ಲ, ಹಾಗೇ ಪ್ರತಿ ಚಿತ್ರಕ್ಕೂ ಒಂದು ನಂಬರು. ಎಕ್ಸೆಲ್ ಸಾಕು. ಯಾರು ತೆಗೆದದ್ದು, ಯಾವ ತಿಂಗಳು, ಯಾವ ಬೀದಿ, ಯಾವ ದಿಕ್ಕಿಗೆ ಮುಖಮಾಡಿ, ಹಿನ್ನೆಲೆಯಲ್ಲಿ ಏನೇನಿದೆ. ಬೀದಿ ನೆನಪಿಲ್ಲದಿದ್ದರೆ ಹತ್ತಿರದ ಮೆಟ್ರೊ ನಿಲ್ದಾಣ ಬರೆಯಿರಿ. ಈ ಹುಡುಗರಿಗೆ ಅದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಖಚಿತವಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಊಹೆಯನ್ನು ಸತ್ಯದ ಹಾಗೆ ತುಂಬಬೇಡಿ. ಊರಿನ ಹೆಸರು ಖಾರ್ಕಿವ್, ಒಡೇಸ, ಲ್ವಿವ್ ಎಂದು ಉಕ್ರೇನಿಯನ್ ರೂಪದಲ್ಲೇ ಇರಲಿ, ರಷ್ಯನ್ ರೂಪ ಬೇಡ; ಹುಡುಕುವವರು ಹಾಗೆಯೇ ಹುಡುಕುತ್ತಾರೆ.

ಇದು ಬೇಸರದ ಕೆಲಸ. ಒಂದು ಸಂಜೆ ನನ್ನ ಅಕ್ಕನ ಮಗ "ಯಾರು ನೋಡ್ತಾರೆ ಇದನ್ನೆಲ್ಲ" ಅಂದ. ಅವನಿಗೆ ಹೆರ್ಸೋನಿನ ಕಥೆ ಹೇಳಿದೆ. 2022ರ ಶರತ್ಕಾಲದಲ್ಲಿ ರಷ್ಯಾದ ಪಡೆಗಳು ಆ ಊರು ಬಿಡುವ ಮುಂಚೆ ಅಲ್ಲಿನ ಕಲಾ ಸಂಗ್ರಹಾಲಯದಿಂದ ಸಾವಿರಗಟ್ಟಲೆ ಕೃತಿಗಳನ್ನು ಲಾರಿಗಳಿಗೆ ತುಂಬಿ ಸಾಗಿಸಿದವು. ಅವು ಕ್ರೈಮಿಯದ ಸಿಂಫೆರೊಪೋಲಿನ ಸಂಗ್ರಹಾಲಯ ಸೇರಿದವು. ಅಲ್ಲಿಂದ ಹೊರಬಂದ ಫೋಟೊ, ವಿಡಿಯೊಗಳ ಮೂಲೆಯಲ್ಲಿ ಕಾಣುವ ಚೌಕಟ್ಟುಗಳನ್ನು ಹೆರ್ಸೋನಿನ ಸಿಬ್ಬಂದಿ ತಮ್ಮ ದಾಖಲೆಯ ಜೊತೆ ಹೋಲಿಸಿ, ಇದು ನಮ್ಮದು, ಇದೂ ನಮ್ಮದು ಅಂತ ಒಂದೊಂದಾಗಿ ಗುರುತಿಸಿ ಪ್ರಕಟಿಸುತ್ತಿದ್ದಾರೆ. ಪಟ್ಟಿ ಇದ್ದುದರಿಂದ ಕಳವು ಎಂದು ಹೇಳಲು ಸಾಧ್ಯವಾಯಿತು. ಪಟ್ಟಿ ಇಲ್ಲದ ಕಡೆ ಏನು ಹೋಯಿತು ಅಂತಲೂ ಹೇಳಲಾಗುವುದಿಲ್ಲ. ಯುನೆಸ್ಕೊ ತಾನೇ ಪರಿಶೀಲಿಸಿ ಹಾನಿಯಾಗಿದೆ ಎಂದು ಖಚಿತಪಡಿಸಿದ ಸಾಂಸ್ಕೃತಿಕ ತಾಣಗಳ ಸಂಖ್ಯೆ 2025ರಲ್ಲಿ ಐನೂರರ ಆಸುಪಾಸಿತ್ತು. ಒಂದೊಂದಕ್ಕೂ 'ಮುಂಚೆ ಹೀಗಿತ್ತು' ಎನ್ನುವ ಚಿತ್ರ ಬೇಕು.

ಇನ್ನು ಹಂಚಬಾರದ ಚಿತ್ರಗಳ ವಿಚಾರ. ಯುದ್ಧ ಮುಗಿದಿಲ್ಲ. ವಿದ್ಯುತ್ ಉಪಕೇಂದ್ರ, ರೈಲ್ವೆ ಯಾರ್ಡು, ಸೈನಿಕರು, ಚೆಕ್‌ಪೋಸ್ಟು, ಅಡಗಿ ಕೂತ ಬಂಕರಿನ ಒಳಭಾಗ, ಇವನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿ ಬೀಗ ಹಾಕಿ. ಸಂಗ್ರಹಾಲಯದ ವಸ್ತುಗಳನ್ನು ಎಲ್ಲಿಗೆ ಸಾಗಿಸಿದ್ದಾರೆ ಅನ್ನುವುದು ಯಾರ ಬಾಯಿಂದಾದರೂ ಗೊತ್ತಾದರೆ ಅದನ್ನು ಎಲ್ಲೂ ಬರೆಯಬೇಡಿ. ಸಹಪಾಠಿಗಳ ಮುಖವಿದ್ದರೆ ಅವರನ್ನು ಕೇಳಿಯೇ ಹಾಕಬೇಕು. ಅವರಲ್ಲಿ ಕೆಲವರು ಇಂದು ಯಾವ ಸ್ಥಿತಿಯಲ್ಲಿದ್ದಾರೋ ನಮಗೆ ತಿಳಿಯದು.

ಮಿಕ್ಕದ್ದನ್ನು ವಿಕಿಪೀಡಿಯದವರ ಮುಕ್ತ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸಿಗೆ ಏರಿಸಿ. ಫೋಟೊ ತೆಗೆದವರೇ ತಮ್ಮ ಖಾತೆಯಿಂದ ಏರಿಸಬೇಕು. ಅವರ ಲಿಖಿತ ಅನುಮತಿಯಿಲ್ಲದೆ ಚಿಕ್ಕಮ್ಮ ಏರಿಸಿದರೆ ನಡೆಯುವುದಿಲ್ಲ. ಕಟ್ಟಡದ ಹೆಸರು, ವರ್ಷ ಎರಡರ ವರ್ಗಕ್ಕೂ ಸೇರಿಸಿ. ಹಕ್ಕುಸ್ವಾಮ್ಯದ ತೊಡಕೊಂದಿದೆ. ಉಕ್ರೇನಿನಲ್ಲಿ ಕರ್ತೃ ತೀರಿಕೊಂಡು 70 ವರ್ಷದವರೆಗೆ ಹಕ್ಕು ಇರುತ್ತದೆ, ಬೀದಿಯಲ್ಲಿ ನಿಂತ ಪ್ರತಿಮೆಗೂ. ಖಾರ್ಕಿವ್‌ನಲ್ಲಿರುವ ಕವಿ ಷೆವ್ಚೆಂಕೊ ಸ್ಮಾರಕ 1935ರದ್ದಾದರೂ ಶಿಲ್ಪಿ ತೀರಿಕೊಂಡದ್ದು 1966ರಲ್ಲಿ, ಹಾಗಾಗಿ ಅದನ್ನು ಹತ್ತಿರದಿಂದ ತೆಗೆದ ಚಿತ್ರಕ್ಕೆ ಆಕ್ಷೇಪ ಬರಬಹುದು. ಬಂದರೆ ಜಗಳಕ್ಕೆ ಹೋಗಬೇಡಿ. ಮೂಲ ಪ್ರತಿ ನಿಮ್ಮ ಹತ್ತಿರ ಭದ್ರವಾಗಿರಲಿ, ಅಲ್ಲಿನ ಸಂಶೋಧಕರು ಕೇಳಿದಾಗ ಕೊಡಿ.

ಕಟ್ಟಡಗಳಷ್ಟೇ ಅಲ್ಲ, ಮನುಷ್ಯರೂ ಇದ್ದಾರೆ. ಹಾಸ್ಟೆಲಿನ ಮೇಲ್ವಿಚಾರಕಿ, ಕ್ಯಾಂಟೀನಿನಾಕೆ, ಅನಾಟಮಿ ಕಲಿಸಿದ ಮೇಷ್ಟ್ರು, ಇವರ ನಂಬರುಗಳು ವೈಬರಿನಲ್ಲೋ ಟೆಲಿಗ್ರಾಮಿನಲ್ಲೋ ಈಗಲೂ ಇರುತ್ತವೆ. ನಮ್ಮ ಹುಡುಗ ಹಾಸ್ಟೆಲಿನ ಮೇಲ್ವಿಚಾರಕಿಗೆ ಮೆಸೇಜು ಹಾಕಿದ; ಆಕೆ ಈಗ ಪೊಲ್ಟಾವದಲ್ಲಿ ಮಗಳ ಮನೆಯಲ್ಲಿದ್ದಾರೆ. ನಮ್ಮ ಮಕ್ಕಳು ಅಲ್ಲಿ ಕಲಿತದ್ದು ರಷ್ಯನ್, ಖಾರ್ಕಿವ್‌ನಲ್ಲಿ ಅದೇ ಹೆಚ್ಚು ನಡೆಯುತ್ತಿತ್ತು ಕೂಡ. ಯುದ್ಧ ಶುರುವಾದ ನಂತರ ಬಹಳ ಮಂದಿ ಹಟಹಿಡಿದು ಉಕ್ರೇನಿಯನ್‌ಗೆ ಬದಲಾಗಿದ್ದಾರೆ. ಅದಕ್ಕೇ ಯಾವ ಭಾಷೆಯಲ್ಲಿ ಬರೆಯಲಿ ಅಂತ ಮೊದಲು ಕೇಳುವುದು ಮರ್ಯಾದೆ. ಯುದ್ಧದ ಬಗ್ಗೆ ನೀವಾಗಿ ಕೆದಕಬೇಡಿ, ಅದನ್ನು ಕೇಳಲು ಪತ್ರಕರ್ತರಿದ್ದಾರೆ. ಅವನು ಕೇಳಿದ್ದು, ಭಾನುವಾರ ನೀವು ಮಾಡುತ್ತಿದ್ದ ಬೋರ್ಷ್ಟ್‌ಗೆ, ಅಂದರೆ ಅವರ ಬೀಟ್‌ರೂಟ್ ಸಾರಿಗೆ, ಏನೇನು ಹಾಕುತ್ತಿದ್ದಿರಿ ಅಂತ. ಬಂದದ್ದು ದೊಡ್ಡ ವಾಯ್ಸ್ ಮೆಸೇಜು: ಬೀಟ್‌ರೂಟನ್ನು ತುರಿಯಬಾರದು, ಕಡ್ಡಿ ಕಡ್ಡಿಯಾಗಿ ಹೆಚ್ಚಬೇಕು, ಪೊಲ್ಟಾವದವರು ಅದಕ್ಕೆ ಹಲುಷ್ಕಿ ಎಂಬ ಹಿಟ್ಟಿನ ಕಡುಬು ಬಿಡುತ್ತಾರೆ, ಅತ್ತೆ ಹೀಗೆ ಮಾಡುತ್ತಿದ್ದರು, ಅಮ್ಮ ಹಾಗೆ. ಕೊನೆಗೆ ತಾವಾಗಿಯೇ ಅಜ್ಜಿಯ ಅಂಗಿಯ ಮಾತು ತೆಗೆದರು, ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಕಸೂತಿ. ಅದು ಪೊಲ್ಟಾವ ಸೀಮೆಯ ಹೆಸರಾಂತ ಕೆಲಸ. ಹಾಸ್ಟೆಲು ಬಿಡುವಾಗ ಔಷಧಿ ಚೀಲದ ಜೊತೆ ಅದನ್ನೂ ತುರುಕಿಕೊಂಡಿದ್ದರಂತೆ.

ಇಂಥ ಮಾತನ್ನು ಉಳಿಸುವಾಗ ಒಪ್ಪಿಗೆ ಮೊದಲು. ಹೆಸರು ಹಾಕಬಹುದೇ, ಯಾರು ಕೇಳಬಹುದು ಎನ್ನುವುದಕ್ಕೆ ಅವರ ಉತ್ತರವೂ ದನಿಯಲ್ಲೇ ದಾಖಲಾಗಲಿ. ನೇರವಾಗಿ ಮಾತಾಡಿಸುವುದಾದರೆ ಫ್ಯಾನ್ ಆರಿಸಿ, ನಡುವೆ ಬಾಯಿ ಹಾಕಬೇಡಿ. ಯಾರಿಂದ ಕಲಿತಿರಿ, ಯಾವ ಹಳ್ಳಿ ಎಂಬುದನ್ನು ತಪ್ಪದೆ ಕೇಳಿ. ಮೊದಲ ಪ್ರತಿ ಅವರಿಗೇ ಹೋಗಬೇಕು. ಬೋರ್ಷ್ಟ್ ಅಡುಗೆಯ ಸಂಸ್ಕೃತಿಯನ್ನು ಯುನೆಸ್ಕೊ 2022ರ ಜುಲೈ 1ರಂದು ತುರ್ತು ರಕ್ಷಣೆಯ ಪಟ್ಟಿಗೆ ಸೇರಿಸಿತು. ಸಾರು ಮಾಡುವವರು ಉಳಿದಿದ್ದಾರೆ, ಜೊತೆಗೆ ಕೂತು ಉಣ್ಣುವ ಊರು ಚದುರಿಹೋಗಿದೆ ಎನ್ನುವುದೇ ಅಲ್ಲಿನ ಆತಂಕ.

ಫೋಟೊ, ಪರಿಚಯ ಎರಡೂ ಇಲ್ಲದವರು ವೆಬ್‌ಸೈಟು ಉಳಿಸಬಹುದು. ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ಸುಚೊ (SUCHO) ಎಂಬ ಗುಂಪು ಹುಟ್ಟಿಕೊಂಡು, ಜಗತ್ತಿನ ನಾನಾ ಕಡೆಯ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಉಕ್ರೇನಿನ ಗ್ರಂಥಾಲಯ, ಸಂಗ್ರಹಾಲಯಗಳ ಸಾವಿರಾರು ತಾಣಗಳನ್ನು ನಕಲಿಳಿಸಿದರು. ನೀವು ಒಂದು ಜಿಲ್ಲಾ ಮಟ್ಟದ ಸಣ್ಣ ಸಂಗ್ರಹಾಲಯವನ್ನು ಆರಿಸಿಕೊಳ್ಳಿ, ದೊಡ್ಡವಕ್ಕೆ ನೋಡಿಕೊಳ್ಳುವವರಿದ್ದಾರೆ. ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮೆಷಿನ್‌ನಲ್ಲಿ 'ಸೇವ್ ಪೇಜ್ ನೌ' ಡಬ್ಬಿಗೆ ವಿಳಾಸ ಅಂಟಿಸಿದರೆ ಆ ಪುಟ ಉಳಿಯುತ್ತದೆ. ಉಚಿತ ಖಾತೆ ತೆರೆದರೆ ಅದರೊಳಗಿನ ಕೊಂಡಿಗಳನ್ನೂ ಜೊತೆಗೇ ಉಳಿಸಬಹುದು. ಉಳಿಸಿದ್ದನ್ನು ತೆರೆದು, ಚಿತ್ರಗಳು ನಿಜಕ್ಕೂ ಬಂದಿವೆಯೇ ನೋಡಿ.

ಕನ್ನಡ ವಿಕಿಪೀಡಿಯದಲ್ಲೂ ಕೆಲಸವಿದೆ. ಪೆಟ್ರಿಕಿವ್ಕಾ ಚಿತ್ರಕಲೆ, ಕೊಸಿವ್‌ನ ಮಣ್ಣಿನ ಪಾತ್ರೆ, ಕ್ರೈಮಿಯದ ತಾತಾರರ ಓರ್ನೆಕ್ ವಿನ್ಯಾಸ, ಚಿತ್ರಕಲಾವಿದೆ ಮರಿಯಾ ಪ್ರಿಮಾಚೆಂಕೊ, ಯಾವುದಾದರೂ ಒಂದನ್ನು ಹಿಡಿದು ಸರಿಯಾಗಿ ಬರೆಯಿರಿ. ಇವಾಂಕಿವ್‌ನ ಸಂಗ್ರಹಾಲಯ 2022ರ ಫೆಬ್ರವರಿ ಕೊನೆಯಲ್ಲಿ ಹೊತ್ತಿ ಉರಿದಾಗ ಪ್ರಿಮಾಚೆಂಕೊ ಚಿತ್ರಗಳಲ್ಲಿ ಕೆಲವನ್ನು ಸ್ಥಳೀಯರು ಬೆಂಕಿಯೊಳಗಿಂದ ಎತ್ತಿ ತಂದರು. ಆಕೆ ತೀರಿಕೊಂಡದ್ದು 1997ರಲ್ಲಿ, ಆದ್ದರಿಂದ ಚಿತ್ರಗಳನ್ನು ಏರಿಸುವಂತಿಲ್ಲ, ಬರಹ ಮಾತ್ರ.

ಆನ್‌ಲೈನಿನಲ್ಲಿ ಉಕ್ರೇನಿನ ಹಳೇ ಐಕಾನ್ (ಕ್ರೈಸ್ತ ಸಂತರ ಚಿತ್ರಪಟ), ನಾಣ್ಯ, ಸಿಥಿಯನ್ನರೆಂಬ ಪ್ರಾಚೀನ ಅಲೆಮಾರಿ ಜನರ ಒಡವೆ ಅಗ್ಗಕ್ಕೆ ಸಿಕ್ಕರೆ 'ನಮ್ಮದೂ ಒಂದು ಸಹಾಯ' ಅಂತ ಕೊಳ್ಳಬೇಡಿ. ಮೆಲಿಟೊಪೋಲಿನ ಸಂಗ್ರಹಾಲಯದಿಂದ ಸಿಥಿಯನ್ ಚಿನ್ನ ಕಳವಾಗಿದೆ. ಕಳ್ಳಸಾಗಣೆಯಾಗುವ ವಸ್ತುಗಳ ಬಗೆಗಳನ್ನು ತಿಳಿಸುವ ಕೆಂಪು ಪಟ್ಟಿಯನ್ನು ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿ 2022ರಲ್ಲೇ ಹೊರತಂದಿದೆ, ಒಮ್ಮೆ ತೆರೆದು ನೋಡಿ.

ಎಲ್ಲ ಮುಗಿದ ಮೇಲೆ ಮೂರು ಪ್ರತಿ ಮಾಡಿ. ಒಂದು ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ, ಇನ್ನೊಂದು ಬೇರೆ ಊರಿನ ನಂಟರ ಹತ್ತಿರ. ರಿಜಿಸ್ಟರನ್ನು ಪ್ರಿಂಟ್ ತೆಗೆದು ಹಾರ್ಡ್‌ಡಿಸ್ಕಿನ ಜೊತೆಯಲ್ಲೇ ಇಡಿ. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ನೋಡಿ. ನಾವು ಇದಕ್ಕೆ ಆಯುಧಪೂಜೆ ದಿನ ಇಟ್ಟುಕೊಂಡಿದ್ದೇವೆ, ಕಂಪ್ಯೂಟರನ್ನು ಹೇಗೂ ಅವತ್ತು ಒರೆಸಲೇಬೇಕು.