ಮಡಿಕೇರಿಯಲ್ಲಿ ಬೆಳಗಿನ ಓಟ, ಬೇಕರಿಯ ಕೇಕ್: ದಾರಿ ಹಾಕಿಕೊಳ್ಳುವ ಬಗೆ

ಮಡಿಕೇರಿಯ ಬೇಕರಿಗಳನ್ನು ಓಡುತ್ತಲೇ ಸುತ್ತಬೇಕೆನ್ನುವವರು ಮೊದಲು ಲೆಕ್ಕ ಹಾಕಬೇಕಾದದ್ದು ದೂರವನ್ನಲ್ಲ, ರಸ್ತೆಯ ಏರಿಳಿತವನ್ನು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಈ ಊರಿನಲ್ಲಿ ಸಮತಟ್ಟಾದ ರಸ್ತೆ ಸಿಗುವುದೇ ಅಪರೂಪ. ತಿಂದ ಕೂಡಲೇ ಏರು ಹತ್ತಿದರೆ ರಕ್ತ ಹೆಚ್ಚಾಗಿ ಕಾಲಿನ ಸ್ನಾಯುಗಳತ್ತ ಹರಿದು ಜೀರ್ಣಕ್ರಿಯೆ ನಿಧಾನವಾಗುತ್ತದೆ. ಇಳಿಜಾರಿನಲ್ಲಿ ಓಡಿದರೆ ಹೊಟ್ಟೆ ಕುಲುಕಿ ಪಕ್ಕೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ದೊಡ್ಡ ಏರುಗಳೆಲ್ಲ ಮುಗಿದ ಮೇಲೆಯೇ ಮೊದಲ ಬೇಕರಿ ಬರುವಂತೆ ದಾರಿಯನ್ನು ಜೋಡಿಸಿಕೊಳ್ಳಬೇಕು.

ನಾನು ಎಲ್ಲರಿಗೂ ಹೇಳುವ ದಾರಿ ಕೋಟೆಯ ಮುಂದಿನಿಂದ ಆರಂಭವಾಗುತ್ತದೆ. ಮಹದೇವಪೇಟೆಯ ಮೂಲಕ, ಕೊಡಗಿನ ಅರಸರ ಸಮಾಧಿಗಳಿರುವ ರಾಜರ ಗದ್ದಿಗೆಗೆ ಹೋಗಿ, ಅಲ್ಲಿ ಎರಡು ನಿಮಿಷ ಉಸಿರು ಸುಧಾರಿಸಿಕೊಂಡು ಹಿಂದಿರುಗಿ, ಅರಸ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ ತಗ್ಗಿಗೆ ಇಳಿಯಬೇಕು. ಅಲ್ಲಿಂದ ಪೇಟೆಗೆ ಮರಳುವ ಏರನ್ನು ಓಡಲೇಬೇಕೆಂಬ ಹಟ ಬೇಡ, ಬಿರುಸಾಗಿ ನಡೆದರೂ ಸಾಕು. ಪೇಟೆ ತಲುಪಿದಾಗ ಹಸಿವಾಗಿರುತ್ತದೆ, ಬೇಕರಿಯೂ ಎದುರಿಗಿರುತ್ತದೆ. ಎಲ್ಲ ಅಂಗಡಿಗಳೂ ಬೆಳಗ್ಗೆ ಒಂದೇ ಹೊತ್ತಿಗೆ ತೆರೆಯುವುದಿಲ್ಲ. ತೆರೆದರೂ ಮೊದಲು ಬರುವುದು ಬ್ರೆಡ್ಡು, ಬನ್ನು. ಕೇಕ್ ಎಷ್ಟು ಹೊತ್ತಿಗೆ ಸಿಗುತ್ತದೆಂದು ಹಿಂದಿನ ಸಂಜೆಯೇ ಕೇಳಿಕೊಂಡು, ಅದಕ್ಕೆ ತಕ್ಕಂತೆ ಓಟ ಆರಂಭಿಸಬೇಕು.

ಯಾವ ಕೇಕ್ ಎಂಬುದು ಮುಖ್ಯ. ಇನ್ನೂ ಓಡುವುದಿದ್ದರೆ ಹನಿ ಕೇಕಿನ ಅರ್ಧ ತುಂಡು ಒಳ್ಳೆಯದು: ಪಾಕದಲ್ಲಿ ನೆನೆದ ಸ್ಪಂಜು ಬಾಯಿ ಒಣಗಿದ್ದರೂ ಸುಲಭವಾಗಿ ಇಳಿಯುತ್ತದೆ, ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಕ್ರೀಮ್ ಕೇಕಿನಲ್ಲಿರುವ ಕೊಬ್ಬು ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿಯುವುದರಿಂದ ಅದನ್ನು ಕೊನೆಯ ಅಂಗಡಿಗೆ ಮೀಸಲಿಡಬೇಕು. ಅರವತ್ತು ಕೆಜಿ ತೂಕದವರು ಒಂದು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು 60 ಕ್ಯಾಲೊರಿ ಮಾತ್ರ. ಮೂರು ಅಂಗಡಿಗಳಲ್ಲಿ ಮೂರು ಇಡೀ ತುಂಡು ತಿಂದರೆ ಈ ಲೆಕ್ಕ ಹೊಂದುವುದಿಲ್ಲ. ಇಬ್ಬರು ಮೂವರು ಕೂಡಿ ಹೋಗಿ ಒಂದೇ ತುಂಡನ್ನು ಹಂಚಿಕೊಂಡರೆ ಹೆಚ್ಚು ಬಗೆಯ ಕೇಕುಗಳ ರುಚಿ ನೋಡಬಹುದು, ಸಂತೋಷವೂ ಹೆಚ್ಚು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು.

ಅಂಗಡಿಯಲ್ಲಿ ನಿಂತ ಹತ್ತೇ ನಿಮಿಷಕ್ಕೆ ಬೆವರು ತಣ್ಣಗಾಗಿ ಚಳಿ ಹಿಡಿಯುವ ಹವೆ ಇದು. ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ತೆಳುವಾದ ಜಾಕೆಟ್ಟು ಜೊತೆಗಿರಲಿ. ಮಂಜು ಕವಿದ ಮುಂಜಾನೆ ವಾಹನದವರಿಗೆ ಎದ್ದು ಕಾಣುವ ಹೊಳಪು ಬಣ್ಣದ ಅಂಗಿ ತೊಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಪಾಚಿಗಟ್ಟಿದ ಮೆಟ್ಟಿಲು, ಕಲ್ಲುಹಾಸುಗಳನ್ನು ಬಿಟ್ಟು ಡಾಂಬರು ರಸ್ತೆಯಲ್ಲೇ ಇರಬೇಕು, ಅದೂ ಎದುರು ಬರುವ ವಾಹನಗಳು ಕಾಣುವ ಬದಿಯಲ್ಲಿ. ಶನಿವಾರ, ಭಾನುವಾರ ಪ್ರವಾಸಿಗರ ವಾಹನಗಳು ತುಂಬುವುದರಿಂದ ವಾರದ ನಡುವಿನ ದಿನಗಳೇ ವಾಸಿ.

ಒಳಗೆ ಹೋಗುವ ಮುನ್ನ ಬೂಟಿನ ಕೆಸರನ್ನು ಹೊರಗೇ ಉದುರಿಸಿಕೊಳ್ಳಬೇಕು. ಕೊಡುವ ನೋಟು ಬೆವರಿನಲ್ಲಿ ನೆನೆಯದಂತೆ ಚಿಕ್ಕ ಪ್ಲಾಸ್ಟಿಕ್ ಕವರಿನಲ್ಲಿಟ್ಟಿರಬೇಕು. ಮನೆಯವರಿಗಾಗಿ ಪ್ಲಮ್ ಕೇಕ್ ಕೊಳ್ಳುವುದಾದರೆ ಕೊನೆಯ ಅಂಗಡಿಯಲ್ಲೇ ಕಟ್ಟಿಸಿಕೊಂಡು, ಅಲ್ಲಿಂದ ಮನೆಯವರೆಗೆ ನಡೆದುಕೊಂಡೇ ಹೋಗಬೇಕು.